ತಳದ ಹಲಗೆ

ಒಂದು ವಸ್ತು ಹಳೆಯದಾದಾಗ ಅದನ್ನು ಸರಿಪಡಿಸಿ ಉಳಿಸಿಕೊಳ್ಳಬೇಕೇ, ಅಥವಾ ಅದನ್ನು ಬಿಟ್ಟು ಹೊಸದನ್ನು ತರಬೇಕೇ? ಮೇಲ್ನೋಟಕ್ಕೆ ಇದು ಬರೇ ಖರ್ಚಿನ ಲೆಕ್ಕ. ದುರಸ್ತಿಗೆ ತಗಲುವ ಹಣ ಹೊಸದರ ಬೆಲೆಗಿಂತ ಕಡಿಮೆಯಿದ್ದರೆ ಸರಿಪಡಿಸು, ಹೆಚ್ಚಾದರೆ ಎಸೆದುಬಿಡು. ಚಪ್ಪಲಿ, ಗಡಿಯಾರ, ಮಿಕ್ಸಿಗಳ ಮಟ್ಟಿಗೆ ಈ ಲೆಕ್ಕ ಸಾಕಾಗಬಹುದು. ಆದರೆ ಯಾವ ಅಂಗಡಿಯಲ್ಲೂ ಹೊಸದಾಗಿ ಸಿಗದ ವಸ್ತುಗಳೂ ಇವೆ. ಅವುಗಳ ಮುಂದೆಯೂ ನಾವು ಇದೇ ಲೆಕ್ಕದ ಪುಸ್ತಕ ಹಿಡಿದು ನಿಂತರೆ? ಪ್ರಶ್ನೆ ನೈತಿಕವಾಗುವುದು ಅಲ್ಲಿಂದ.

ಈ ಪ್ರಶ್ನೆಯನ್ನು ಒಂದು ಹಳೆಯ ಮರದ ದೋಣಿಯನ್ನು ಮುಂದಿಟ್ಟುಕೊಂಡು ನೋಡೋಣ. ನೆಲಮಂಗಲದಲ್ಲಿ ಕುಳಿತು ದೋಣಿಯ ಮಾತೇ ಎಂದು ಓದುಗರು ನಗಬಹುದು. ನಮ್ಮ ಊರಿನ ಹೆಸರಿನಲ್ಲೇ ನೆಲವಿದೆ. ಇಲ್ಲಿ ಹಗಲು ರಾತ್ರಿ ಹರಿಯುವುದು ಲಾರಿಗಳು. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಿಂದ ಹಾಸನ-ಮಂಗಳೂರಿನ ಹೆದ್ದಾರಿ ಕವಲೊಡೆಯುವುದು ಇಲ್ಲೇ. ಆದರೆ ಆ ಕವಲನ್ನೇ ಹಿಡಿದು ಸಕಲೇಶಪುರ ದಾಟಿ ಘಟ್ಟ ಇಳಿದರೆ ನಾವು ತಲುಪುವುದು ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಸಮುದ್ರ ಸೇರುವ ಮಂಗಳೂರಿಗೆ. ಅಲ್ಲಿನ ಹಳೆ ಬಂದರು ಲಕ್ಷದ್ವೀಪಕ್ಕೆ ಸರಕು ಸಾಗಿಸುವ ಮರದ ಮಂಜಿಗಳ ನೆಲೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನದಿದಂಡೆಯುದ್ದಕ್ಕೂ ಅಂತಹ ಕಾರ್ಖಾನೆಗಳು ಎದ್ದವು. ಅವುಗಳಿಗೆ ಜೇಡಿಮಣ್ಣು ಬಂದದ್ದು, ಅಲ್ಲಿಂದ ಹಂಚು ಹೋದದ್ದು ದೋಣಿಗಳಲ್ಲಿ. ನಮ್ಮ ಸೀಮೆಯ ಹಳೆಯ ಮನೆಗಳ ಮಾಡಿನ ಮೇಲೂ ಮಂಗಳೂರು ಹಂಚು ಕಾಣಸಿಗುತ್ತದೆ. ಹಾಗಾಗಿ ದೋಣಿ ನಮಗೆ ತೀರ ಪರಕೀಯವೇನಲ್ಲ.

ಮರದ ದೋಣಿ ಒಮ್ಮೆ ಕಟ್ಟಿ ಮುಗಿಸುವಂತಹ ವಸ್ತುವಲ್ಲ, ಕಟ್ಟುತ್ತಲೇ ಇರಬೇಕಾದ ವಸ್ತು. ಹಳೆಯ ದೋಣಿಯನ್ನು ಸರಿಪಡಿಸಲು ಹೊರಟವನು ಮೊದಲು ನೋಡುವುದು ಹಾಯಿಯನ್ನಲ್ಲ, ಬಣ್ಣವನ್ನೂ ಅಲ್ಲ. ಅವನು ಬಗ್ಗಿ ತಳದ ಹಲಗೆಯನ್ನು ನೋಡುತ್ತಾನೆ. ಮಳೆನೀರು ನಿಂತ ಮೂಲೆಗಳಲ್ಲಿ ಮರ ಕೊಳೆಯುತ್ತದೆ. ಉಪ್ಪುನೀರಿನಲ್ಲಿ ಮರಕೊರಕ ಹುಳು ಹೊರಗೆ ಕಾಣದಂತೆ ಒಳಗೊಳಗೇ ಸುರಂಗ ತೋಡುತ್ತದೆ. ಕೆಟ್ಟ ಹಲಗೆಯನ್ನು ಕತ್ತರಿಸಿ ತೆಗೆದು, ಅದೇ ಅಳತೆಗೆ ಹೊಸ ಹಲಗೆಯನ್ನು ಬಾಗಿಸಿ ಕೂರಿಸಬೇಕು. ಸಂದುಗಳಿಗೆ ಹತ್ತಿಯ ಎಳೆ ತುರುಕಿ ರಾಳ ಬಳಿಯಬೇಕು. ಮೀನೆಣ್ಣೆ ಕುಡಿಸಬೇಕು. ಹಿಂದೆ ನಮ್ಮ ಕರಾವಳಿಯಲ್ಲಿ ಮೊಳೆಯನ್ನೇ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿಯುತ್ತಿದ್ದರು. 14ನೇ ಶತಮಾನದಲ್ಲಿ ಹೊನ್ನಾವರ, ಮಂಗಳೂರುಗಳನ್ನು ಕಂಡ ಇಬ್ನ್ ಬತೂತ ಇಂತಹ ಹೊಲಿದ ಹಡಗುಗಳ ಬಗ್ಗೆ ಬರೆದಿದ್ದಾನೆ. ಅದೇ ವಿಧಾನದಲ್ಲಿ ಹೊಸದಾಗಿ ಹೊಲಿದು ಕಟ್ಟಿದ 'ಕೌಂಡಿನ್ಯ' ಎಂಬ ಹಾಯಿಹಡಗು 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿತು.

ಮರದ ದೋಣಿಗೆ ಇನ್ನೊಂದು ಗುಣವಿದೆ. ನೀರಿನಲ್ಲಿರುವಾಗ ಹಲಗೆಗಳು ಉಬ್ಬಿ ಒಂದನ್ನೊಂದು ಒತ್ತಿ ಹಿಡಿಯುತ್ತವೆ. ದಡಕ್ಕೆಳೆದು ಬಿಸಿಲಿಗೆ ಬಿಟ್ಟರೆ ಒಣಗಿ ಕುಗ್ಗುತ್ತವೆ, ಸಂದು ಬಿಡುತ್ತವೆ. ಹಾಗೆ ಒಣಗಿದ ದೋಣಿಯನ್ನು ಮತ್ತೆ ನೀರಿಗಿಳಿಸಿದರೆ ಮೊದಲು ಸೋರುತ್ತದೆ. ತಿಳಿದವರು ಇದಕ್ಕೆ ಹೆದರುವುದಿಲ್ಲ. ಒಳಬಂದ ನೀರನ್ನು ಹೊರಚೆಲ್ಲುತ್ತಾ ಕಾಯುತ್ತಾರೆ. ಮರ ನೀರು ಕುಡಿದು ಉಬ್ಬಿದಂತೆ ಸೋರಿಕೆ ತಾನಾಗಿ ಕಡಿಮೆಯಾಗುತ್ತದೆ. ಅಂದರೆ ದೋಣಿಯನ್ನು ಕಾಪಾಡುವುದು ಗೋದಾಮಲ್ಲ, ನೀರು. ಬಳಕೆಯೇ ಅದರ ಆಯುಷ್ಯ.

ಹೀಗೆ ಹಲಗೆಗಳನ್ನು ಬದಲಿಸುತ್ತಾ ಹೋದರೆ ಒಂದು ದಿನ ದೋಣಿಯಲ್ಲಿ ಮೂಲದ ಒಂದು ಹಲಗೆಯೂ ಉಳಿಯುವುದಿಲ್ಲ. ಆಗಲೂ ಅದು ಅದೇ ದೋಣಿಯೇ? ಇದು ಗ್ರೀಕರ ಕಾಲದಿಂದ ತತ್ವಜ್ಞಾನಿಗಳನ್ನು ಕಾಡಿದ ಪ್ರಶ್ನೆ. ಅಥೆನ್ಸಿನ ಜನರು ಥೀಸಿಯಸ್ ಎಂಬ ವೀರನ ಹಡಗನ್ನು ಕೊಳೆತ ಹಲಗೆಗಳನ್ನು ಬದಲಿಸುತ್ತಾ ಬಹುಕಾಲ ಉಳಿಸಿಕೊಂಡಿದ್ದರೆಂದು ಪ್ಲುಟಾರ್ಕ್ ಹೇಳುತ್ತಾನೆ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಇದಕ್ಕೆ ಇನ್ನೊಂದು ಗಂಟು ಹಾಕಿದ. ತೆಗೆದು ಹಾಕಿದ ಹಳೆಯ ಹಲಗೆಗಳನ್ನೆಲ್ಲ ಯಾರೋ ಕೂಡಿಟ್ಟು ಅವುಗಳಿಂದಲೇ ಇನ್ನೊಂದು ಹಡಗು ಕಟ್ಟಿದರೆ ಎರಡರಲ್ಲಿ ನಿಜವಾದದ್ದು ಯಾವುದು?

ತರ್ಕದ ಮೇಜಿನ ಮೇಲೆ ಈ ಗಂಟು ಬಿಚ್ಚುವುದು ಕಷ್ಟ. ಆದರೆ ಚರ್ಚೆಯಲ್ಲಿ ಹೆಚ್ಚಿನವರು ಮರೆಯುವ ಒಂದು ಸಂಗತಿಯಿದೆ. ಆ ಹಡಗು ಪ್ರದರ್ಶನಕ್ಕೆ ಇಟ್ಟ ವಸ್ತುವಾಗಿರಲಿಲ್ಲ. ಅಥೆನ್ಸಿನವರು ಅದನ್ನು ಹರಕೆಯಂತೆ ಪ್ರತಿವರ್ಷ ಡೆಲೋಸ್ ದ್ವೀಪಕ್ಕೆ ಕಳುಹಿಸುತ್ತಿದ್ದರು. ಅದು ಮರಳಿ ಬರುವವರೆಗೆ ಊರಿನಲ್ಲಿ ಯಾರನ್ನೂ ಕೊಲ್ಲುವಂತಿರಲಿಲ್ಲ. ಸಾಕ್ರೆಟಿಸನ ಮರಣದಂಡನೆ ಕೆಲವು ದಿನ ಮುಂದೆ ಹೋದದ್ದು ಇದೇ ಕಾರಣಕ್ಕೆ. ಹಲಗೆಗಳು ಬದಲಾದರೂ ಅದನ್ನು ಅದೇ ಹಡಗಾಗಿ ಉಳಿಸಿದ್ದು ಈ ಪ್ರಯಾಣ ಮತ್ತು ಅದಕ್ಕಾಗಿ ಪ್ರತಿವರ್ಷ ತಳ ನೋಡುತ್ತಿದ್ದ ಕೈಗಳು. ಒಂದು ವಸ್ತುವಿನ ಗುರುತು ಅದರ ಮರದಲ್ಲಿಲ್ಲ, ಅದಕ್ಕೆ ನಾವು ಸಲ್ಲಿಸುತ್ತಾ ಬಂದ ಕರ್ತವ್ಯದಲ್ಲಿದೆ ಎಂದು ನಮಗೆ ತೋರುತ್ತದೆ.

ಹಾಗಾದರೆ ದೋಣಿಯನ್ನು ಉಳಿಸಿಕೊಂಡರೆ ಕರ್ತವ್ಯ ಮುಗಿಯಿತೇ? ಇಲ್ಲ. ಎರಡು ಉದಾಹರಣೆಗಳನ್ನು ಎದುರುಬದುರು ಇಟ್ಟು ನೋಡಬಹುದು.

ಮೊದಲನೆಯದು ನೆರೆಯ ಕೇರಳದ್ದು. ಅಲ್ಲಿನ ಹಿನ್ನೀರುಗಳಲ್ಲಿ ಅಕ್ಕಿ ಸಾಗಿಸುತ್ತಿದ್ದ, ನಾರಿನಿಂದ ಹೊಲಿದ 'ಕೆಟ್ಟುವಳ್ಳಂ' ದೋಣಿಗಳು ರಸ್ತೆ ಮತ್ತು ಲಾರಿ ಬಂದ ಮೇಲೆ ಕೆಲಸ ಕಳೆದುಕೊಂಡು ದಡದಲ್ಲಿ ಕೊಳೆಯತೊಡಗಿದ್ದವು. 1990ರ ದಶಕದಲ್ಲಿ ಅವುಗಳನ್ನು ಸರಿಪಡಿಸಿ, ಮೇಲೆ ಬಿದಿರಿನ ಮಾಡು ಹಾಕಿ, ಪ್ರವಾಸಿಗರ ತೇಲುಮನೆಗಳನ್ನಾಗಿ ಮಾಡಿದರು. ದೋಣಿಗಳಿಗೆ ಮರುಜೀವ ಬಂತು, ಬಡಗಿಗಳಿಗೆ ಕೆಲಸ ಸಿಕ್ಕಿತು. ಶಾಂತ ನೀರಿನ ಮೇಲೆ ಮೆಲ್ಲಗೆ ತೇಲುವ ಸುಖಕ್ಕೆ ದೂರದೂರದಿಂದ ಜನ ಬಂದರು. ಕಾಸರಗೋಡು ಜಿಲ್ಲೆಯ ವಲಿಯಪರಂಬದ ಹಿನ್ನೀರಿಗೂ ತೇಲುಮನೆಗಳು ಬಂದವು. ಆದರೆ ಆಲಪ್ಪುಳದ ಕಡೆ ತೇಲುಮನೆಗಳು ಮಿತಿಮೀರಿ ಹೆಚ್ಚಿದಂತೆ ಅವುಗಳ ಎಂಜಿನ್ನಿನ ಎಣ್ಣೆ ಮತ್ತು ಶೌಚದ ಕೊಳಚೆ ವೆಂಬನಾಡು ಸರೋವರಕ್ಕೆ ಸೇರತೊಡಗಿತು. ಅಲ್ಲಿ ಉಳಿದದ್ದು ದೋಣಿ, ಕೆಟ್ಟದ್ದು ನೀರು.

ಎರಡನೆಯದು ಇಂಗ್ಲೆಂಡಿನದು. 1939ರಲ್ಲಿ ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರ್ 'ಕ್ರೆಸ್ಸಿ' ಎಂಬ ಹಳೆಯ ಮರದ ಸರಕುದೋಣಿಯನ್ನು ವಾಸಕ್ಕೆ ತಕ್ಕಂತೆ ಸಜ್ಜುಗೊಳಿಸಿ, ಪತ್ನಿಯೊಂದಿಗೆ ಒಳನಾಡಿನ ಕಾಲುವೆಗಳಲ್ಲಿ ನಿಧಾನವಾಗಿ ಸಂಚರಿಸಿದರು. ರೈಲು, ಲಾರಿಗಳ ಮುಂದೆ ಸೋತ ಆ ಕಾಲುವೆಗಳು ಆಗ ಹೂಳು ತುಂಬಿ ಮುಚ್ಚಿಹೋಗುತ್ತಿದ್ದವು. ರೋಲ್ಟ್ ಕಂಡದ್ದನ್ನು ಬರೆದರು. ಪುಸ್ತಕ 1944ರಲ್ಲಿ ಬಂತು. 1946ರಲ್ಲಿ ಅವರೂ ಸಂಗಡಿಗರೂ ಸೇರಿ ಒಳನಾಡು ಜಲಮಾರ್ಗಗಳ ಉಳಿವಿಗಾಗಿ ಒಂದು ಸಂಘ ಕಟ್ಟಿದರು. ಮುಂದಿನ ದಶಕಗಳಲ್ಲಿ ಸಾಮಾನ್ಯ ಜನರು ರಜಾದಿನಗಳಲ್ಲಿ ಸನಿಕೆ ಹಿಡಿದು ಹೂಳೆತ್ತಿದರು. ಸ್ಟ್ರಾಟ್‌ಫರ್ಡ್ ಕಾಲುವೆಯ ದಕ್ಷಿಣ ಭಾಗ 1964ರಲ್ಲಿ ಮತ್ತೆ ತೆರೆದದ್ದು ಇಂತಹ ಸ್ವಯಂಸೇವಕರ ಬೆವರಿನಿಂದ. ಆ ಹೊತ್ತಿಗೆ ಕ್ರೆಸ್ಸಿ ಇರಲಿಲ್ಲ. ಅದರ ಮರ ಪೂರ್ತಿ ಸೋತು 1951ರಲ್ಲೇ ಅದು ಮುಳುಗಿಯಾಗಿತ್ತು. ಇಲ್ಲಿ ದೋಣಿ ಹೋಯಿತು, ನೀರು ಉಳಿಯಿತು.

ಇವೆರಡರಲ್ಲಿ ಯಾವುದು ನಿಜವಾದ ದುರಸ್ತಿ? ಉತ್ತರ ಸ್ಪಷ್ಟವಿದೆ. ನಮ್ಮ ವಸ್ತುವನ್ನು ಚೆನ್ನಾಗಿಟ್ಟುಕೊಂಡು ಅದು ನಿಂತಿರುವ ನೆಲೆಯನ್ನು ಹಾಳುಮಾಡಿದರೆ ಅದು ದುರಸ್ತಿಯಲ್ಲ, ಅಲಂಕಾರ. ದೋಣಿಯ ಮೇಲಿನ ಪ್ರೀತಿ ನೀರಿನವರೆಗೆ ತಲುಪಬೇಕು. ಶಾಂತ ನದಿಯಲ್ಲಿ ತೇಲುವ ಸುಖ ಎಲ್ಲರಿಗೂ ಬೇಕು. ಆದರೆ ಆ ಶಾಂತಿ ಬಿಟ್ಟಿ ಸಿಗುವುದಿಲ್ಲ. ಯಾರೋ ಒಬ್ಬರು ಆ ನದಿಯನ್ನು ಕಾಯುತ್ತಿರಬೇಕು.

ತೂತಾದ ಎರಡು ದೋಣಿಗಳ ಕಥೆ ಇಸ್ಲಾಮೀ ಪರಂಪರೆಯಲ್ಲಿದೆ. ಒಂದು ಪವಿತ್ರ ಕುರ್‌ಆನಿನ ಅಲ್‌ಕಹ್ಫ್ ಅಧ್ಯಾಯದ್ದು. ಪ್ರವಾದಿ ಮೂಸಾ(ಅ)ರು ದೇವನಿಂದ ವಿಶೇಷ ಜ್ಞಾನ ಪಡೆದ ಒಬ್ಬರೊಡನೆ ಪಯಣಿಸುತ್ತಾರೆ. ಖಿಝ್ರ್ ಎಂದು ಪರಂಪರೆ ಅವರನ್ನು ಕರೆಯುತ್ತದೆ. ಅವರು ತಾವು ಹತ್ತಿದ ದೋಣಿಯನ್ನೇ ತೂತು ಮಾಡುತ್ತಾರೆ. ಮೂಸಾ(ಅ)ರು ಬೆಚ್ಚಿ ಆಕ್ಷೇಪಿಸುತ್ತಾರೆ. ಕೊನೆಗೆ ಕಾರಣ ತಿಳಿಯುತ್ತದೆ. ದೋಣಿ ನೀರಿನಲ್ಲಿ ದುಡಿದು ಬದುಕುವ ಬಡವರದು. ದೋಣಿಗಳನ್ನು ಬಲವಂತವಾಗಿ ಕಸಿದುಕೊಳ್ಳುವ ಒಬ್ಬ ಅರಸ ಹಿಂದಿದ್ದ. ಊನವಾದ ದೋಣಿ ಅವನಿಗೆ ಬೇಡವಾಗುತ್ತದೆ, ಬಡವರ ಪಾಲಿಗೆ ಉಳಿಯುತ್ತದೆ.

ಇನ್ನೊಂದು ಪ್ರವಾದಿ ಮುಹಮ್ಮದ್(ಸ)ರು ಹೇಳಿದ ಉಪಮೆ, ಬುಖಾರಿ ಸಂಗ್ರಹದಲ್ಲಿದೆ. ಕೆಲವರು ಒಂದು ಹಡಗಿನಲ್ಲಿ ಚೀಟಿ ಎತ್ತಿ ಜಾಗ ಹಂಚಿಕೊಳ್ಳುತ್ತಾರೆ. ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳ ಅಂತಸ್ತು. ಕೆಳಗಿನವರು ನೀರಿಗಾಗಿ ಪ್ರತಿ ಸಲವೂ ಮೇಲಿನವರನ್ನು ದಾಟಿ ಹೋಗಬೇಕು. ಮೇಲಿನವರಿಗೆ ಯಾಕೆ ತೊಂದರೆ, ನಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆದುಕೊಳ್ಳೋಣ ಎಂದು ಅವರು ಯೋಚಿಸುತ್ತಾರೆ. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ. ಅವರ ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ.

ಒಂದು ತೂತು ದೋಣಿಯನ್ನು ಉಳಿಸಿತು, ಇನ್ನೊಂದು ಮುಳುಗಿಸುತ್ತದೆ. ಮೊದಲನೆಯದು ಇನ್ನೊಬ್ಬರ ಸೊತ್ತನ್ನು ಕಾಪಾಡಲು ಮಾಡಿದ, ಆಮೇಲೆ ಮುಚ್ಚಬಹುದಾದ ಊನ. ಎರಡನೆಯದು ತಮ್ಮ ಅನುಕೂಲಕ್ಕೆ ನಡುನೀರಿನಲ್ಲಿ ಕೊರೆದದ್ದು. ಎರಡನೆಯ ಕಥೆಯ ಕೆಳಗಿನವರು ದುಷ್ಟರೇನಲ್ಲ ಎಂಬುದನ್ನು ಗಮನಿಸಬೇಕು. ಅವರಿಗೆ ಬಾಯಾರಿಕೆಯಾಗಿದೆ. ಕೆಳಗೆ ಕುಳಿತದ್ದು ಅವರ ತಪ್ಪಲ್ಲ, ಚೀಟಿ ಹಾಗೆ ಬಂತು. ಇನ್ನೊಬ್ಬರಿಗೆ ತೊಂದರೆ ಕೊಡಬಾರದೆಂಬ ಸಂಕೋಚವೂ ಅವರಿಗಿದೆ. ತಮ್ಮ ಪಾಲಿನ ಜಾಗದಲ್ಲಿ ತಾವು ಏನಾದರೂ ಮಾಡಿಕೊಳ್ಳಬಹುದು ಎಂಬ ನಂಬಿಕೆಯೇ ಅವರ ದೋಷ. ಹಡಗಿನ ತಳದಲ್ಲಿ ಯಾರದೂ ಖಾಸಗಿ ಹಲಗೆ ಎಂಬುದಿಲ್ಲ.

ಈಗ ನೆಲಮಂಗಲಕ್ಕೆ ಮರಳೋಣ. ಈ ಉಪಮೆ ಇಲ್ಲಿ ಉಪಮೆಯಾಗಿ ಉಳಿಯುವುದಿಲ್ಲ. ನಮ್ಮ ತಾಲೂಕಿನ ಶಿವಗಂಗೆ ಬೆಟ್ಟದ ಕಡೆ ಹುಟ್ಟುವ ನದಿ ಕುಮುದ್ವತಿ. ಪೂರ್ವಕ್ಕೆ ನಂದಿಬೆಟ್ಟದಿಂದ ಬರುವ ಅರ್ಕಾವತಿ. ಎರಡೂ ತಿಪ್ಪಗೊಂಡನಹಳ್ಳಿಯಲ್ಲಿ ಸೇರುತ್ತವೆ. ಬೆಂಗಳೂರು ನಗರ ಕೊಳಾಯಿಯ ನೀರು ಕುಡಿಯಲು ಕಲಿತದ್ದೇ ಈ ಸೀಮೆಯಿಂದ. 1896ರಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನೀರು ಹೋಯಿತು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂತು. ಅದೂ ಸಾಲದಾಗಿ 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಎತ್ತಿ ತಂದರು. ಹೂಳು, ಒಣಗು, ಕೊಳಚೆಗಳಿಂದ ತಿಪ್ಪಗೊಂಡನಹಳ್ಳಿಯ ಕುಡಿಯುವ ನೀರು 2012ರಲ್ಲಿ ನಿಂತಿತು. 2024ರ ಅಕ್ಟೋಬರ್‌ನಲ್ಲಿ ಕಾವೇರಿಯ 5ನೇ ಹಂತ ಬಂತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಬಳಿ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತ್ತು. ಅದರ ನೀರಿನ ಒಂದು ಪಾಲನ್ನು ತಿಪ್ಪಗೊಂಡನಹಳ್ಳಿಗೂ ತರುವ ಯೋಜನೆಯಿದೆ. ಎತ್ತಿನಹೊಳೆ ಎಂದರೆ ನೇತ್ರಾವತಿಯ ಉಪನದಿ. ಮಂಗಳೂರಿನ ದೋಣಿಗಳು ತೇಲುವ ಅದೇ ನೇತ್ರಾವತಿ.

ಈ ನೂರಮೂವತ್ತು ವರ್ಷಗಳ ಕಥೆಯಲ್ಲಿ ಒಂದು ರೂಢಿ ಎದ್ದು ಕಾಣುತ್ತದೆ. ಒಂದು ನದಿ ಸೋತಾಗಲೆಲ್ಲ ನಾವು ಅದನ್ನು ಸರಿಪಡಿಸುವ ಬದಲು ಇನ್ನೊಂದನ್ನು ತಂದೆವು. ಚಪ್ಪಲಿ, ಮಿಕ್ಸಿಗೆ ಅನ್ವಯಿಸುವ ಲೆಕ್ಕವನ್ನು ನದಿಗೂ ಅನ್ವಯಿಸಿದೆವು. ಆದರೆ ನದಿ ಅಂಗಡಿಯಲ್ಲಿ ಸಿಗುವುದಿಲ್ಲ. ಹೊಸ ನದಿ ಎಂದು ನಾವು ತರುವುದು ಯಾವಾಗಲೂ ಇನ್ನೊಬ್ಬರ ಹಳೆಯ ನದಿಯನ್ನು.

ಅರ್ಕಾವತಿ ಯಾಕೆ ಒಣಗಿತು? ಮಳೆ ಕಡಿಮೆಯಾಯಿತು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಮಳೆಯ ಮೇಲೆ ಹೊರೆ ಹೊರಿಸಲಿಲ್ಲ. ಕೊಳವೆಬಾವಿಗಳಿಂದ ಅಂತರ್ಜಲವನ್ನು ಎತ್ತಿದ್ದು ಮತ್ತು ನೀಲಗಿರಿ ನೆಡುತೋಪುಗಳು ಹಬ್ಬಿದ್ದು ಮುಖ್ಯ ಕಾರಣಗಳೆಂದು ಅದು ತೋರಿಸಿತು. ನದಿಯ ಕೆಳಗೆ ಅದನ್ನು ಎತ್ತಿ ಹಿಡಿದಿದ್ದ ಅಂತರ್ಜಲವೇ ಅದರ ತಳದ ಹಲಗೆ. ನಾವು ಕೊರೆದದ್ದು ಅದನ್ನು. ಕೆಳ ಅಂತಸ್ತಿನವರು ತಮ್ಮ ಪಾಲಿನ ಜಾಗದಲ್ಲಿ ತೂತು ಕೊರೆದ ಉಪಮೆಗೆ ಕೊಳವೆಬಾವಿಗಿಂತ ನಿಜವಾದ ಚಿತ್ರ ಇನ್ನೊಂದಿಲ್ಲ.

ಹಾಗೆಂದು ಕೊಳವೆಬಾವಿ ಕೊರೆಸಿದ ರೈತನನ್ನು ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಸಾಲ ಮಾಡಿ ಸಾವಿರ ಅಡಿ ಕೊರೆಸಿಯೂ ಬರೀ ಧೂಳು ಕಂಡವನ ಸಂಕಟ ನಮ್ಮ ಸೀಮೆಯ ಪ್ರತಿ ಹಳ್ಳಿಗೂ ಗೊತ್ತು. ಕೆರೆ ಬತ್ತಿತ್ತು, ಕಾಲುವೆ ನೀರಾವರಿ ಇರಲಿಲ್ಲ. ಬಾಯಾರಿದವನು ಕೊರೆದ. ಉಪಮೆಯನ್ನು ಸರಿಯಾಗಿ ಓದಿದರೆ ಅದು ಕೆಳಗಿನವರಿಗೆ ಹೇಳುವುದಕ್ಕಿಂತ ಹೆಚ್ಚನ್ನು ಮೇಲಿನವರಿಗೆ ಹೇಳುತ್ತದೆ. ಕೈ ಹಿಡಿದು ತಡೆಯುವ ಹಕ್ಕು, ನೀರಿನ ದಾರಿಯನ್ನು ಬಿಟ್ಟುಕೊಟ್ಟವನಿಗೆ ಮಾತ್ರ ಸಲ್ಲುತ್ತದೆ. ಕೆಳಗಿನವರು ದಾಟಿ ಬರುವುದೇ ಕಿರಿಕಿರಿ ಎಂದು ಮುಖ ಸಿಂಡರಿಸಿದವರು ತೂತಿಗೆ ಅರ್ಧ ಹೊಣೆಗಾರರು. ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನು ಕಾಪಾಡಲು 2003ರಲ್ಲಿ ಸರಕಾರ ಆದೇಶ ಹೊರಡಿಸಿ ಇಲ್ಲಿನ ಭೂಬಳಕೆಗೆ ಮಿತಿ ಹಾಕಿತು. ಉದ್ದೇಶ ಒಳ್ಳೆಯದೇ. ಆದರೆ ಮಿತಿ ಹೊರುವವರು ಒಂದು ಕಡೆ, ನೀರು ಕುಡಿಯುವವರು ಇನ್ನೊಂದು ಕಡೆ ಆದಾಗ ಆದೇಶಕ್ಕೆ ಬಲ ಬರುವುದಿಲ್ಲ. ನದಿಯ ಲೆಕ್ಕದಲ್ಲಿ ನೆಲಮಂಗಲದವರು ಮೇಲಿನವರು, ನೀರಿನ ಪಾಲಿನ ಲೆಕ್ಕದಲ್ಲಿ ಕೆಳಗಿನವರು. ಹೀಗಾಗಿ ಎರಡೂ ಅಂತಸ್ತಿನ ಹೊಣೆ ನಮ್ಮ ಮೇಲಿದೆ.

ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಕೋಟಿ ಮೀರಿದ ಜನಸಂಖ್ಯೆಯ ನಗರಕ್ಕೆ ಅರ್ಕಾವತಿ, ಕುಮುದ್ವತಿಗಳು ಸಾಲುತ್ತವೆಯೇ? ಸಾಲುವುದಿಲ್ಲ. ಕಾವೇರಿ ಬೇಕೇ ಬೇಕು. ದುರಸ್ತಿಯ ಪರ ಮಾತಾಡುವುದೆಂದರೆ ಹೊಸದೆಲ್ಲವನ್ನು ಧಿಕ್ಕರಿಸುವುದಲ್ಲ. ಹಳೆಯ ದೋಣಿಗೂ ಹೊಸ ಹಲಗೆ ಬೇಕಾಗುತ್ತದೆ. ಆದರೆ ಹೊಸ ಹಲಗೆ ತಂದವನು ಅದನ್ನು ಹಳೆಯ ದೋಣಿಗೆ ಜೋಡಿಸುತ್ತಾನೆಯೇ ಹೊರತು ದೋಣಿಯನ್ನು ಕೆಸರಿಗೆ ಬಿಟ್ಟು ನಡೆದುಬಿಡುವುದಿಲ್ಲ. ಕಾವೇರಿ ಬಂದದ್ದರಿಂದ ನಮ್ಮ ಕೆರೆಗಳ ಮೇಲಿನ ಹೊರೆ ಇಳಿಯಬೇಕಿತ್ತು, ಅವು ಸುಧಾರಿಸಿಕೊಳ್ಳಲು ಬಿಡುವು ಸಿಗಬೇಕಿತ್ತು. ಬದಲಿಗೆ ಕೆರೆ ಬೇಡವಾದ ವಸ್ತುವಾಯಿತು, ಬಡಾವಣೆಗೆ ಜಾಗವಾಯಿತು.

ದುರಸ್ತಿಯ ವಿದ್ಯೆ ನಮ್ಮಲ್ಲಿ ಇಲ್ಲದಿರಲಿಲ್ಲ. ಬಯಲುಸೀಮೆಯ ಕೆರೆಗಳು ಸರಪಳಿಯಂತೆ ಒಂದಕ್ಕೊಂದು ಜೋಡಿಕೊಂಡಿದ್ದವು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆ ತುಂಬುತ್ತಿತ್ತು. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡಲು ನೀರಗಂಟಿ ಇದ್ದ. ಬೇಸಗೆಯಲ್ಲಿ ಹೂಳನ್ನು ಗಾಡಿಗಳಲ್ಲಿ ಹೊತ್ತು ಹೊಲಕ್ಕೆ ಹಾಕಿದರೆ ಕೆರೆಗೂ ಆಳ, ಹೊಲಕ್ಕೂ ಗೊಬ್ಬರ. ಮಳೆಗೆ ಮುಂಚೆ ಏರಿಯ ಮೇಲೆ ನಡೆದು ಬಿರುಕು ನೋಡುವ ನೀರಗಂಟಿಗೂ ದೋಣಿಯ ತಳ ತಟ್ಟಿ ನೋಡುವ ಬಂದರಿನ ಬಡಗಿಗೂ ವ್ಯತ್ಯಾಸವಿಲ್ಲ. ಇಬ್ಬರ ಕೆಲಸವೂ ಚೆನ್ನಾಗಿ ನಡೆದಾಗ ಯಾರ ಕಣ್ಣಿಗೂ ಬೀಳುವುದಿಲ್ಲ, ನಿಂತಾಗ ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಉದ್ಘಾಟನೆಯ ಕಲ್ಲಿನ ಮೇಲೆ ದುರಸ್ತಿಗಾರನ ಹೆಸರು ಕೆತ್ತಿದ್ದನ್ನು ಯಾರಾದರೂ ನೋಡಿದ್ದೀರಾ?

ದುರಸ್ತಿಗೆ ತಾಳ್ಮೆಯೂ ಬೇಕು. ಒಣಗಿದ ದೋಣಿ ನೀರಿಗಿಳಿದ ಮೊದಲ ದಿನಗಳಲ್ಲಿ ಸೋರುವಂತೆ, ಒಣಗಿದ ಕೆರೆಯೂ ಮೊದಲ ಮಳೆಯ ನೀರನ್ನೆಲ್ಲ ಇಂಗಿಸಿಬಿಡುತ್ತದೆ. ನೋಡುವವರಿಗೆ ಅದು ವ್ಯರ್ಥ ಎನಿಸುತ್ತದೆ. ಆದರೆ ಇಂಗಿದ ಆ ನೀರೇ ಮರಳಿ ಕಟ್ಟಿಕೊಳ್ಳುತ್ತಿರುವ ತಳದ ಹಲಗೆ. ಒಂದು ಮಳೆಗಾಲದಲ್ಲಿ ಫಲ ಕಾಣಲಿಲ್ಲವೆಂದು ಕೈಬಿಡುವವರಿಂದ ದೋಣಿಯೂ ಉಳಿಯದು, ನದಿಯೂ ಉಳಿಯದು.

ಭೂಮಿ ಮನುಷ್ಯನ ಕೈಯಲ್ಲಿರುವ ಅಮಾನತ್, ಅಂದರೆ ನಂಬಿಕೆಯಿಂದ ಒಪ್ಪಿಸಿದ ಸೊತ್ತು ಎಂದು ಮುಸ್ಲಿಮರು ನಂಬುತ್ತಾರೆ. ಬೇರೆ ಧರ್ಮಗಳಲ್ಲೂ ಈ ಭಾವನೆಗೆ ಬೇರೆ ಹೆಸರುಗಳಿವೆ. ಅಮಾನತ್ತನ್ನು ಪಡೆದವನು ಅದರ ಬದಲಿಗೆ ಇನ್ನೊಬ್ಬರ ಸೊತ್ತನ್ನು ತಂದು ಕೊಟ್ಟು ಋಣಮುಕ್ತನಾಗಲಾರ. ಕುಮುದ್ವತಿಯನ್ನು ಕಳೆದುಕೊಂಡವರು ನೇತ್ರಾವತಿಯನ್ನು ತೋರಿಸಿ ಲೆಕ್ಕ ಸರಿಹೋಯಿತೆನ್ನಲಾಗದು. ಮುಂದಿನ ಪೀಳಿಗೆ ನಮ್ಮನ್ನು ಎಷ್ಟು ದೂರದಿಂದ ನೀರು ತಂದಿರಿ ಎಂದು ಕೇಳಲಿಕ್ಕಿಲ್ಲ. ನಿಮಗೆ ಒಪ್ಪಿಸಿದ್ದನ್ನು ಏನು ಮಾಡಿದಿರಿ ಎಂದು ಖಂಡಿತ ಕೇಳುತ್ತದೆ.